ತೊಲೆಯ ಮೇಲಿನ ಹುಡಿ: ಗಿರಣಿ, ಮಸಾಲೆ ಮಿಲ್ಲುಗಳಲ್ಲಿ ಸ್ಫೋಟ ತಡೆಯುವ ಬಗೆ

ಯಕ್ಷಗಾನದಲ್ಲಿ ಮಹಿಷಾಸುರ ರಂಗಸ್ಥಳಕ್ಕೆ ಬರುವಾಗ ದೊಂದಿಗೆ ರಾಳದ ಹುಡಿ ಎರಚುವುದನ್ನು ನೀವು ನೋಡೇ ಇರುತ್ತೀರಿ. ಭಗ್ ಅಂತ ಆಳೆತ್ತರದ ಬೆಂಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅದೇ ರಾಳದ ಗಟ್ಟಿಯನ್ನು ಒಲೆಗೆ ಹಾಕಿ ನೋಡಿ. ಕರಗುತ್ತದೆ, ಹೊಗೆಯಾಡುತ್ತದೆ, ನಿಧಾನಕ್ಕೆ ಉರಿಯುತ್ತದೆ. ವಸ್ತು ಒಂದೇ. ಹುಡಿಯಾಗಿ ಗಾಳಿಯಲ್ಲಿ ಹರಡಿತು, ಅಷ್ಟೇ ವ್ಯತ್ಯಾಸ.

ಬಯಲಾಟದಲ್ಲಿ ಆ ಬೆಂಕಿಗೆ ಚಪ್ಪಾಳೆ ಬೀಳುತ್ತದೆ. ತಗಡಿನ ಪೆಟ್ಟಿಗೆಯೊಳಗೆ, ಮುಚ್ಚಿದ ಕೋಣೆಯೊಳಗೆ ಅದೇ ಆದರೆ ಗೋಡೆ ಬೀಳುತ್ತದೆ.

ನಾನು ಶಿರಸಿಯಲ್ಲಿ ಮೆಷಿನ್ ರಿಪೇರಿ ಮಾಡುವವನು. ಹಿಟ್ಟಿನ ಗಿರಣಿ, ಮಸಾಲೆ ಹುಡಿ ಮಾಡುವ ಪಲ್ವರೈಸರ್, ಅಕ್ಕಿ ಮಿಲ್ಲಿನಲ್ಲಿ ಕಾಳು ಮೇಲೆತ್ತುವ ಎಲಿವೇಟರ್, ಮರದ ಮಿಲ್ಲಿನ ಹುಡಿ ಎಳೆಯುವ ಫ್ಯಾನು, ಯಾವುದು ಕೆಟ್ಟರೂ ಹೋಗುತ್ತೇನೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರದವರೆಗೂ ಓಡಾಟ. ಹೋದಲ್ಲೆಲ್ಲ ಮೊದಲು ತಲೆ ಎತ್ತಿ ಛಾವಣಿಯ ತೊಲೆ ನೋಡುತ್ತೇನೆ. ಆಮೇಲೆ ಮೆಷಿನ್ನು. ಮಾಲೀಕರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಯಾಕೆ ಹಾಗೆ ನೋಡುತ್ತೇನೆ, ನೀವೂ ಯಾಕೆ ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಅನ್ನುವುದೇ ಈ ಬರಹ.

ನಿಮ್ಮ ಹುಡಿ ಹೊತ್ತುವ ಜಾತಿಯದೇ?

ಸುಲಭದ ಗುರುತು ಇದು: ಒಲೆಗೆ ಹಾಕಿದರೆ ಉರಿಯುವ ವಸ್ತು ನುಣ್ಣಗೆ ಹುಡಿಯಾದರೆ ಸಿಡಿಯಬಲ್ಲದು ಅಂತಲೇ ಇಟ್ಟುಕೊಳ್ಳಿ. ಅಕ್ಕಿ ಹಿಟ್ಟು, ಗೋಧಿ ಹಿಟ್ಟು, ಸಕ್ಕರೆ ಹುಡಿ, ಹಾಲಿನ ಹುಡಿ, ಕಾಳುಮೆಣಸು, ಕೊತ್ತಂಬರಿ, ಅರಿಶಿನ, ತೆಂಗಿನ ಚಿಪ್ಪಿನ ಹುಡಿ, ಇದ್ದಿಲ ಹುಡಿ, ಮರ ಉಜ್ಜುವಾಗ ಬರುವ ಹುಡಿ, ಮೀನಿನ ಹುಡಿ, ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ. ಸಾಣಿಕಟ್ಟಾದ ಉಪ್ಪು, ಚಿಪ್ಪಿನ ಸುಣ್ಣ, ಸಿಮೆಂಟು, ಮರಳು ಎಷ್ಟು ಹಾರಿದರೂ ಹೊತ್ತಿಕೊಳ್ಳುವುದಿಲ್ಲ. ಅವು ಕಣ್ಣಿಗೆ, ಎದೆಗೆ ತೊಂದರೆ ಕೊಡುತ್ತವೆ, ಅದು ಬೇರೆ ಮಾತು.

ಲೋಹಗಳು ಮಾತ್ರ ಈ ಗುರುತಿಗೆ ಸಿಗುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನು ನಾವು ಒಲೆಯ ಮೇಲೇ ಇಡುತ್ತೇವೆ, ಆದರೆ ಅದರ ಹುಡಿ ಹಿಟ್ಟಿಗಿಂತ ಎಷ್ಟೋ ಪಾಲು ಅಪಾಯ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರ ಪಾಲಿಶ್ ಮಾಡುವ ಕಾರ್ಖಾನೆ ಇದರಿಂದಲೇ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಯೂಮಿನಿಯಂ ಉಜ್ಜುವ ಕೆಲಸ ನಿಮ್ಮಲ್ಲಿದ್ದರೆ ಈ ಲೇಖನ ಸಾಲದು. ಆ ಕೆಲಸ ತಿಳಿದ ಎಂಜಿನಿಯರನ್ನೇ ಕರೆಸಿ.

ಕಣ ಅರ್ಧ ಮಿಲಿಮೀಟರಿಗಿಂತ ಸಣ್ಣದಾಗುತ್ತ ಹೋದಂತೆ ಅಪಾಯ ಜಾಸ್ತಿ. ರವೆಗಿಂತ ಮೈದಾ ಜೋರು. ಗರಗಸದ ಹೊಟ್ಟಿಗಿಂತ ಸ್ಯಾಂಡಿಂಗ್ ಹುಡಿ ಜೋರು. ಒಣಗಿದಷ್ಟೂ ಜೋರು. ಫೆಬ್ರವರಿ, ಮಾರ್ಚಿನಲ್ಲಿ ಹಂಚಿನ ಮೇಲೆ ಹುರಿದ ಹಾಗೆ ಒಣಗಿದ ಮೆಣಸನ್ನು ನುಣ್ಣಗೆ ಹುಡಿ ಮಾಡುವಾಗ ಎರಡೂ ಕೂಡಿರುತ್ತವೆ.

ಹೋಳಿಯ ಬಣ್ಣದ ಹುಡಿಯನ್ನೂ ಮರೆಯಬೇಡಿ. 2015ರ ಜೂನ್ 27ರಂದು ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ಕುಣಿಯುವ ಜನರ ಮೇಲೆ ಕಾರ್ನ್‌ಫ್ಲೋರಿನ ಬಣ್ಣದ ಹುಡಿ ಹಾರಿಸುತ್ತಿದ್ದರು. ಅದಕ್ಕೆ ಬೆಂಕಿ ಹತ್ತಿ 15 ಮಂದಿ ಸತ್ತರು, ನೂರಾರು ಜನ ಸುಟ್ಟುಕೊಂಡರು. ಮೇಲೆ ಛಾವಣಿ ಕೂಡ ಇರಲಿಲ್ಲ. ಹೋಳಿಗೆ ಶಿರಸಿಯಲ್ಲಿ ಕುಣಿಯುವ ಬೇಡರ ವೇಷದ ರಾತ್ರಿ ಪಂಜಿನ ಹತ್ತಿರ ಹುಡಿ ಎರಚುವ ಹುಡುಗರನ್ನು ಕಂಡಾಗ ನನಗೆ ಇದೇ ನೆನಪಾಗುತ್ತದೆ.

ತೊಲೆ ಯಾಕೆ ನೋಡುತ್ತೇನೆ

ಸ್ಫೋಟಕ್ಕೆ ಐದು ಕೂಡಬೇಕು. ಹೊತ್ತುವ ಹುಡಿ, ಗಾಳಿ, ಕಿಡಿ ಅಥವಾ ಶಾಖ, ಹುಡಿ ಎದ್ದು ಮೋಡವಾಗುವುದು, ಆ ಮೋಡ ಮುಚ್ಚಿದ ಜಾಗದಲ್ಲಿ ಇರುವುದು. ಮೊದಲ ಎರಡು ಮಿಲ್ಲಿನಲ್ಲಿ ಸದಾ ಇರುತ್ತವೆ. ನಮ್ಮ ಕೈಯಲ್ಲಿರುವುದು ಉಳಿದ ಮೂರು.

ಮೋಡ ಎಷ್ಟು ದಟ್ಟ ಇರಬೇಕು? ಗೋಧಿ ಹಿಟ್ಟಿಗೆ ಒಂದು ಘನ ಮೀಟರ್ ಜಾಗಕ್ಕೆ ಸುಮಾರು 60 ಗ್ರಾಂ. ಕೇಳಲು ಕಡಿಮೆ, ನೋಡಲು ಭಾರೀ ದಟ್ಟ. 40 ಗ್ರಾಂ ಇದ್ದರೇ ಎರಡು ಮೀಟರ್ ಆಚೆ ಉರಿಯುವ 25 ವ್ಯಾಟಿನ ಬಲ್ಬು ಕಾಣುವುದಿಲ್ಲ. ಅಂಥ ಕೋಣೆಯಲ್ಲಿ ಯಾರೂ ನಿಂತು ಕೆಲಸ ಮಾಡಲಾರರು. ಆದರೆ ಪಲ್ವರೈಸರ್ ಒಳಗೆ, ಎಲಿವೇಟರಿನ ಕೊಳವೆಯೊಳಗೆ, ಹುಡಿ ಹಿಡಿಯುವ ಬಟ್ಟೆ ಚೀಲದೊಳಗೆ ದಿನಾ ಅಷ್ಟು ದಟ್ಟ ಮೋಡ ಇರುತ್ತದೆ. ಅಲ್ಲಿ ಒಂದು ಕಿಡಿ ಬಿದ್ದರೆ ಮೊದಲ ಸದ್ದು. ಎಷ್ಟೋ ಸಲ ಅದು ಸಣ್ಣದು. ಚೀಲ ಹರಿಯುತ್ತದೆ, ಮುಚ್ಚಳ ಹಾರುತ್ತದೆ.

ಮಾಡು ಹಾರಿಸುವುದು ಎರಡನೆಯ ಸದ್ದು. ಮೊದಲಿನ ಹೊಡೆತಕ್ಕೆ ಕಟ್ಟಡ ಅದುರಿ ತೊಲೆ, ಜಂತಿ, ಕೇಬಲ್ಲು, ಟ್ಯೂಬ್‌ಲೈಟ್ ಪಟ್ಟಿಯ ಮೇಲಿನ ಹುಡಿಯೆಲ್ಲ ಒಂದೇ ಸಲ ಕೆಳಗೆ ಸುರಿಯುತ್ತದೆ. ಹಿಂದಿನಿಂದ ಮೊದಲ ಬೆಂಕಿ ಬಂದೇ ಬರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ. ಹತ್ತಕ್ಕೆ ಹತ್ತು ಅಡಿಯ, ಹತ್ತು ಅಡಿ ಎತ್ತರದ ಕೋಣೆ. ಒಳಗಿನ ಜಾಗ ಸುಮಾರು 28 ಘನ ಮೀಟರ್. ಇಡೀ ಕೋಣೆ ಸಿಡಿಯುವ ಮೋಡವಾಗಲು ಒಂದೂಮುಕ್ಕಾಲು ಕಿಲೋ ಹಿಟ್ಟು ಸಾಕು. ಆ ನೆಲದ ಮೇಲೆ ಒಂದೇ ಒಂದು ಮಿಲಿಮೀಟರ್ ದಪ್ಪಕ್ಕೆ ಹಿಟ್ಟು ಕೂತರೆ ಅದರ ತೂಕ ಸುಮಾರು ನಾಲ್ಕೂವರೆ ಕಿಲೋ. ಅಂದರೆ ಕೂತ ಹಿಟ್ಟಿನಲ್ಲಿ ಅರ್ಧಕ್ಕಿಂತ ಕಡಿಮೆ ಎದ್ದರೂ ಆಯಿತು. ಪೂರ್ತಿ ಮುಚ್ಚಿದ ಪಾತ್ರೆಯಲ್ಲಿ ಹೀಗೆ ಸಿಡಿದರೆ ಒತ್ತಡ 7ರಿಂದ 10 ಬಾರ್‌ವರೆಗೂ ಏರುತ್ತದೆ. ನಿಮ್ಮ ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಇಟ್ಟಿಗೆ ಗೋಡೆ ಅಷ್ಟೂ ತಡೆಯುವುದಿಲ್ಲ.

2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ 14 ಜನ ಸತ್ತದ್ದು ಹೀಗೆಯೇ. ಸಕ್ಕರೆಗೆ ಕಸ ಬೀಳಬಾರದು ಅಂತ ಹಿಂದಿನ ವರ್ಷ ಕನ್ವೇಯರ್ ಬೆಲ್ಟಿಗೆ ಸುತ್ತ ಉಕ್ಕಿನ ತಗಡು ಮುಚ್ಚಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಒಳಗಿನ ಹುಡಿ ಎಳೆದುಕೊಳ್ಳುವ ಫ್ಯಾನು ಇರಲಿಲ್ಲ, ಒತ್ತಡ ಹೊರಹೋಗಲು ದಾರಿಯೂ ಇರಲಿಲ್ಲ. ಮೊದಲ ಸ್ಫೋಟ ಅಲ್ಲಿ. ಆಮೇಲೆ ವರ್ಷಗಟ್ಟಲೆ ಕೂತಿದ್ದ ಸಕ್ಕರೆ ಹುಡಿ ಮಹಡಿಯಿಂದ ಮಹಡಿಗೆ ಹೊತ್ತಿಕೊಂಡು ಹೋಯಿತು.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಕುಮಟಾ ಕಡೆಯ ಒಂದು ಮಸಾಲೆ ಮಿಲ್ಲು. ಕೊತ್ತಂಬರಿ ಬೀಸುತ್ತಿತ್ತು. ನಾನು ಪಕ್ಕದ ಮೋಟಾರಿನ ಬೆಲ್ಟು ನೋಡುತ್ತಿದ್ದೆ. ಪಲ್ವರೈಸರ್ ಒಳಗೆ ಟಣ್ ಅಂತ ಒಂದು ಸದ್ದು. ಮತ್ತೆ ಎರಡು ಸಲ. ಕತ್ತು ತಿರುಗಿಸುವಷ್ಟರಲ್ಲಿ ಮೇಲಿನ ಬಟ್ಟೆ ಚೀಲದ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ, ತೂತು ಬಿದ್ದು, ತೂತಿನ ಅಂಚಿನಲ್ಲಿ ಬೀಡಿಯ ತುದಿಯಂಥ ಕೆಂಪು. "ಆರ್ಸೋ ತಮ್ಮಾ, ಆರ್ಸೋ" ಅಂತ ಕೂಗಿ, ಕೂಗಿದವನೇ ಕೈಗೆ ಸಿಕ್ಕ ಗೋಣಿಯಿಂದ ಚೀಲಕ್ಕೆ ಬಡಿದೆ. ಅದೇ ತಪ್ಪು. ಚೀಲದೊಳಗಿನ ಹುಡಿ ಎದ್ದಿತು. ರಾಳ ಎರಚಿದ ಹಾಗೆ ಭಗ್ ಅಂತು. ಹುಬ್ಬು ಹೋಯಿತು, ಬಲಗೈಯ ರೋಮ ಹೋಯಿತು, ತಿಂಗಳ ಕಾಲ ಮೊಣಕೈವರೆಗೆ ಚರ್ಮ ಸುಲಿಯುತ್ತಿತ್ತು.

ಅಷ್ಟಕ್ಕೇ ನಿಂತಿತು. ಯಾಕೆಂದರೆ ಆಯುಧ ಪೂಜೆಗೆಂದು ಆ ಮಿಲ್ಲನ್ನು ತೊಲೆಯಿಂದ ನೆಲದವರೆಗೆ ಉಜ್ಜಿ ತೊಳೆದು ನಾಲ್ಕೇ ದಿನ ಆಗಿತ್ತು. ಸುರಿಯಲು ಮೇಲೆ ಏನೂ ಇರಲಿಲ್ಲ. ಹದಿನೈದು ದಿನ ಮೊದಲು ನಾನು ಅದೇ ತೊಲೆಯ ಮೇಲೆ ಬೆರಳಿನಿಂದ ನನ್ನ ಹೆಸರು ಬರೆದಿದ್ದೆ, ತಮಾಷೆಗೆ. ಅಕ್ಷರ ಸ್ಪಷ್ಟವಾಗಿ ಮೂಡಿತ್ತು. ಆ ಕಿಡಿ ಅವತ್ತು ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಹಾಗಾಗಿ ಮೊದಲ ಕೆಲಸ ಗುಡಿಸುವುದು

ಆಯುಧ ಪೂಜೆಯ ಕ್ಲೀನಿಂಗ್ ವರ್ಷಕ್ಕೊಮ್ಮೆ. ಹುಡಿ ಕೂರುವುದು ದಿನಾ. ವಾರಕ್ಕೊಂದು ದಿನ ಗೊತ್ತು ಮಾಡಿ, ನೆಲ ಮಾತ್ರ ದಿನಾ. ಕಣ್ಣಳತೆಗೆ ಒಂದು ಉಪಾಯ ಇದೆ. ಅಂಗೈ ಅಗಲದ ತಗಡಿಗೆ ಕಪ್ಪು ಬಣ್ಣ ಹೊಡೆದು ತೊಲೆಯ ಮೇಲೆ ಇಡಿ. ಕಪ್ಪು ಕಾಣದಷ್ಟು ಹುಡಿ ಕೂತರೆ ಗುಡಿಸುವ ದಿನ ಬಂತು, ವಾರ ಆಗಲಿ ಬಿಡಲಿ. ಹೊರದೇಶದವರು ಬಹಳ ಕಾಲದಿಂದ ಇಟ್ಟುಕೊಂಡಿರುವ ಅಳತೆ 0.8 ಮಿಲಿಮೀಟರ್, ಪೇಪರ್ ಕ್ಲಿಪ್ಪಿನ ತಂತಿಯಷ್ಟು ದಪ್ಪ. ಕೋಣೆಯ ನೆಲದ ಇಪ್ಪತ್ತರಲ್ಲಿ ಒಂದು ಪಾಲು ಜಾಗದಲ್ಲಿ ಅಷ್ಟು ಕೂತರೂ ಅಪಾಯ ಅಂತ ಅವರ ಲೆಕ್ಕ. ನನ್ನ ಲೆಕ್ಕ ಇನ್ನೂ ಸುಲಭ. ಬೆರಳಿನಿಂದ ಹೆಸರು ಬರೆಯಲು ಬಂದರೆ ಜಾಸ್ತಿ ಆಯಿತು.

ಗುಡಿಸುವ ಮೊದಲು ಎಲ್ಲ ಮೆಷಿನ್ ಬಂದ್ ಮಾಡಿ, ಬೇರಿಂಗು ತಣ್ಣಗಾಗಲು ಬಿಡಿ. ಬಾಗಿಲು ಕಿಟಕಿ ತೆಗೆಯಿರಿ. ಮೇಲಿನಿಂದ ಕೆಳಕ್ಕೆ ಬನ್ನಿ. ಒದ್ದೆ ಬಟ್ಟೆ, ಮೆತ್ತನೆಯ ಬ್ರಶ್ಶು ಸಾಕು. ಒದ್ದೆ ಬಟ್ಟೆಯನ್ನು ಸ್ವಿಚ್ಚು, ವೈರಿನ ಹತ್ತಿರ ಒಯ್ಯಬೇಡಿ, ಅಲ್ಲಿ ಒಣ ಬ್ರಶ್ಶು. ನಿಧಾನಕ್ಕೆ ಒರೆಸಿ, ಹುಡಿ ಏಳಬಾರದು. ಕಂಪ್ರೆಸರಿನ ಗಾಳಿ ಬಿಡುವ ಚಾಳಿಯನ್ನಂತೂ ಇವತ್ತೇ ಬಿಡಿ. ಹತ್ತು ನಿಮಿಷದಲ್ಲಿ ಮಿಲ್ಲು ಫಳಫಳ ಆಗುತ್ತದೆ, ಹೌದು. ಆ ಹತ್ತು ನಿಮಿಷ ನೀವು ಕೈಯಾರೆ ಮೋಡ ಕಟ್ಟುತ್ತಿರುತ್ತೀರಿ, ಅಲ್ವಾ? ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ. ಅದರ ಮೋಟಾರಿನ ಒಳಗೇ ಕಿಡಿ ಇರುತ್ತದೆ. ಹೊತ್ತುವ ಹುಡಿಗೆಂದೇ ಮಾಡಿದ ವ್ಯಾಕ್ಯೂಮ್ ಸಿಗುತ್ತದೆ, ದುಬಾರಿ. ದೊಡ್ಡ ಘಟಕದವರು ತೆಗೆದುಕೊಳ್ಳಲೇಬೇಕು.

ಎಲ್ಲಿ ಮರೆತು ಹೋಗುತ್ತದೆ ಗೊತ್ತಾ? ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲ್ಭಾಗ. ಫಾಲ್ಸ್ ಸೀಲಿಂಗಿನ ಮೇಲೆ. ಮೋಟಾರಿನ ಹಿಂದಿನ ಜಾಲರಿ. ಜೇಡರ ಬಲೆ! ಹಿಟ್ಟಿನ ಮಿಲ್ಲಿನ ಮೂಲೆಯ ಬಲೆ ನೋಡಿ, ಪ್ರತಿ ಎಳೆಯೂ ಶ್ಯಾವಿಗೆಯಷ್ಟು ದಪ್ಪ ಆಗಿ ಬಿಳಿ ಜಾಲರದ ಹಾಗೆ ತೂಗುತ್ತಿರುತ್ತದೆ. ಒಂದು ಸಲ ಅದುರಿದರೆ ಇಡೀ ಬಲೆ ಹುಡಿಯಾಗಿ ಉದುರುತ್ತದೆ. ತೊಲೆಯ ಚಪ್ಪಟೆ ಮೇಲ್ಭಾಗಕ್ಕೆ ಕಡಿದಾದ ಇಳಿಜಾರಿನ ತಗಡು ಹೊಡೆಸಿ, 60 ಡಿಗ್ರಿಯ ಹಾಗೆ. ಹುಡಿ ನಿಲ್ಲದೆ ಜಾರುತ್ತದೆ, ಗುಡಿಸುವುದೂ ಕಡಿಮೆ. ಹೊಸ ಶೆಡ್ ಕಟ್ಟುವವರು ಇದನ್ನು ಮೊದಲೇ ಮಾಡಿಸಿದರೆ ಖರ್ಚು ಏನೂ ಅಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಜನ ನಿಶ್ಚಿಂತೆಯಿಂದ ಇರುತ್ತಾರೆ. "ಇಷ್ಟು ಥಂಡಿಯಲ್ಲಿ ಎಂಥ ಬೆಂಕಿ ಮಾರಾಯಾ?" ಜಡಿಮಳೆ ಹೊರಗೆ. ಒಳಗೆ ಬೀಸುವ ಕಾಳನ್ನು ಒಣಗಿಸಿಯೇ ತಂದಿರುತ್ತಾರೆ, ಮೆಷಿನ್ನಿನ ಹೊಟ್ಟೆಯೊಳಗೆ ಬಿಸಿಗಾಳಿ. ಮೇಲಾಗಿ ಎರಚಲು ಬರುತ್ತದೆ ಅಂತ ಕಿಟಕಿಗೆ ತಾಡಪತ್ರಿ ಕಟ್ಟಿರುತ್ತಾರೆ, ಹುಡಿ ಹೊರಗೆ ಹೋಗುವುದೇ ಇಲ್ಲ. ಹುಡಿ ಹಾಪರಿಗೆ, ಅಂದರೆ ಕಾಳು ಸುರಿಯುವ ಲಾಳಿಕೆಗೆ, ಅಂಟುತ್ತದೆ ಅಂತ ಸುತ್ತಿಗೆಯಿಂದ ಬಡಿಯುತ್ತಾರೆ. ಬಡಿದಾಗ ಒಂದೇ ಸಲ ರಾಶಿ ಬಿದ್ದು ಒಳಗೆ ಮೋಡ ಏಳುತ್ತದೆ. ಬಡಿಯಲೇಬೇಕಿದ್ದರೆ ಮೆಷಿನ್ ನಿಲ್ಲಿಸಿ, ಮರದ ಕೊಡತಿಯಿಂದ ಬಡಿಯಿರಿ.

ಎರಡನೆಯದು, ಹುಡಿ ಹೊರಗೆ ಬರದ ಹಾಗೆ

ದಿನಾ ಗುಡಿಸಿದರೂ ಮರುದಿನ ಅಷ್ಟೇ ಹುಡಿ ಇದ್ದರೆ ಎಲ್ಲೋ ಸೋರುತ್ತಿದೆ. ಕೀಲಿನ ಹತ್ತಿರ ಬೀಸಣಿಗೆಯ ಆಕಾರದಲ್ಲಿ ಹುಡಿ ಹರಡಿದ್ದರೆ ಅದೇ ಬಾಯಿ. ಗೋಣಿ ಸುತ್ತಿ ಸುಮ್ನೆ ಇರಬೇಡಿ, ಗ್ಯಾಸ್ಕೆಟ್ ಬದಲಿಸಿ. ಪಲ್ವರೈಸರಿನ ಹರಕು ಚೀಲಕ್ಕೆ ತೇಪೆ ಹಾಕುವುದಕ್ಕಿಂತ ಹೊಸದು ಹೊಲಿಸಿ.

ಹುಡಿ ಎಳೆಯುವ ಫ್ಯಾನು ಇದ್ದವರಿಗೆ ಒಂದು ಎಚ್ಚರಿಕೆ. ಪೈಪಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಿದರೆ ಹುಡಿ ಕೂರುವುದಿಲ್ಲ. ಮೂರು ಮೆಷಿನ್ನಿಗೆ ಅಂತ ಹಾಕಿದ ಫ್ಯಾನಿಗೆ "ಇದೊಂದು ಇರಲಿ" ಅಂತ ನಾಲ್ಕನೆಯ, ಐದನೆಯ ಕವಲು ಸೇರಿಸಿದರೆ ಎಲ್ಲದರ ವೇಗವೂ ಇಳಿದು ಪೈಪಿನ ತಳದಲ್ಲಿ ಹುಡಿ ಹಾಸಿಕೊಳ್ಳುತ್ತದೆ. ಪೈಪನ್ನು ಬೆರಳಿನಿಂದ ತಟ್ಟಿ ನೋಡಿ. ಖಾಲಿ ಪೈಪು ಟಣ್ ಅನ್ನುತ್ತದೆ, ತುಂಬಿದ್ದು ದಬ್ ಅನ್ನುತ್ತದೆ.

ಮೂರನೆಯದು ಕಿಡಿ

ನಮ್ಮ ಮಿಲ್ಲುಗಳಲ್ಲಿ ನಾನು ಕಂಡ ಅತಿ ಸಾಮಾನ್ಯ ಕಿಡಿ ಯಾವುದು ಹೇಳಿ? ದೇವರ ದೀಪ. ಮೆಷಿನ್ನಿನ ಹಿಂದಿನ ಗೋಡೆಗೆ ಫೋಟೋ, ಅದರ ಮುಂದೆ ಬೆಳಿಗ್ಗೆ ಎಣ್ಣೆ ದೀಪ, ಊದಿನಕಡ್ಡಿ. ಭಕ್ತಿಯ ವಿಷಯ, ಹೇಳಲು ಸಂಕೋಚ. ಆದರೂ ಹೇಳುತ್ತೇನೆ: ಫೋಟೋವನ್ನು ಆಫೀಸಿನ ಕೋಣೆಗೆ ಸಾಗಿಸಿ. ಆಯುಧ ಪೂಜೆಯ ಮಂಗಳಾರತಿಯನ್ನು ತೊಳೆದು ಮುಗಿಸಿದ ಮೇಲೆ, ಮೆಷಿನ್ ನಿಂತಿರುವಾಗ ಮಾಡಿ. ಹುಡಿ ಸ್ಫೋಟದ ಬಗ್ಗೆ ಬರೆದಿಟ್ಟ ಮೊದಮೊದಲ ದಾಖಲೆ 1785ರ ಡಿಸೆಂಬರಿನದು, ಇಟಲಿಯ ಟ್ಯೂರಿನ್ ಊರಿನ ಒಂದು ಬೇಕರಿಯದು. ಉಗ್ರಾಣದಲ್ಲಿ ಒಬ್ಬ ಹುಡುಗ ಹಿಟ್ಟು ತೋಡುತ್ತಿದ್ದ, ಮೇಲಿನ ರಾಶಿ ಕುಸಿದು ಹಿಟ್ಟು ಎದ್ದಿತು, ಗೋಡೆಯ ಮೇಲೆ ದೀಪ ಇತ್ತು. ಅವತ್ತಿನ ಹಿಟ್ಟು ಬಹಳ ಒಣಗಿತ್ತು ಅಂತಲೂ ಬರೆದಿದ್ದಾರೆ.

ಬೀಡಿ, ಸಿಗರೇಟು, ಸೊಳ್ಳೆಬತ್ತಿ, ಹೀಟರಿನ ಮಾತು ಬೇರೆ ಹೇಳಬೇಕಿಲ್ಲ.

ಎರಡನೆಯ ದೊಡ್ಡ ಕಳ್ಳ ವೆಲ್ಡಿಂಗು. ಸಾಮಾನ್ಯವಾಗಿ ರಜಾದಿನ ಕರೆಸುತ್ತೇವೆ, ಮಿಲ್ಲು ಬಂದ್ ಇದೆ, ಏನೂ ಆಗುವುದಿಲ್ಲ ಅಂತ. ವೆಲ್ಡರಿಗೆ ಇದು ಗೇಟಿನ ಕೆಲಸದ ಹಾಗೆ ಇನ್ನೊಂದು ಕೆಲಸ. ಹೇಳಬೇಕಾದವರು ನೀವು. ಬಿಚ್ಚಲು ಬರುವ ಭಾಗವನ್ನು ಬಿಚ್ಚಿ ಹೊರಗೆ ಅಂಗಳಕ್ಕೆ ಒಯ್ಯಿರಿ. ಬಿಚ್ಚಲು ಬರದಿದ್ದರೆ ಸುತ್ತ 35 ಅಡಿ ಗುಡಿಸಿ, ಒಳಗೂ ಹೊರಗೂ. ಪೈಪು, ಹಾಪರ್, ಎಲಿವೇಟರಿನ ಬಾಯಿಗಳನ್ನು ಒದ್ದೆ ಗೋಣಿಯಿಂದ ಮುಚ್ಚಿ. ಹುಡಿ ಇರುವ ಹಾಪರಿಗೆ ಹೊರಗಿನಿಂದ ವೆಲ್ಡ್ ಹಾಕಿದರೂ ಒಳಗಿನ ಹುಡಿ ಕಾದು ಕೆಂಡ ಆಗುತ್ತದೆ. ಕೆಲಸ ಮುಗಿದ ಮೇಲೆ ಒಬ್ಬರು ಕನಿಷ್ಠ ಒಂದು ಗಂಟೆ ಅಲ್ಲೇ ಇದ್ದು ಮೂಸಿ ನೋಡುತ್ತಿರಬೇಕು. ಕೆಂಡ ಹುಡಿಯೊಳಗೆ ಬೆಳೆಯುವುದು ನಿಧಾನ. ಎಲ್ಲರೂ ಊಟಕ್ಕೆ ಹೋದ ಮೇಲೆಯೇ ಅದು ಎದ್ದು ಬರುವುದು. ಅನುಮತಿ ಯಾರು ಕೊಟ್ಟರು, ಯಾರು ಕಾದರು ಅಂತ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ. ಸಹಿ ಹಾಕುವಾಗ ಮನುಷ್ಯ ಒಂದು ಸಲ ಸುತ್ತ ನೋಡುತ್ತಾನೆ.

ಇನ್ನು ಮೆಷಿನ್ನಿನ ಒಳಗಿನ ಕಿಡಿ. ಕಾಳಿನ ಜೊತೆ ಬರುವ ಕಬ್ಬಿಣ, ಕಲ್ಲು. ಮೊಳೆ, ನಟ್ಟು, ಸ್ಟೇಪಲ್ ಪಿನ್ನು, ಒಂದು ಸಲ ಗೋಣಿ ಹೊಲಿಯುವ ಇಡೀ ದಬ್ಬಣವನ್ನೇ ನಾನು ಮ್ಯಾಗ್ನೆಟ್ಟಿನಿಂದ ಕಿತ್ತಿದ್ದೇನೆ. ಹಾಪರಿನ ಬಾಯಿಗೆ ಗಟ್ಟಿ ಮ್ಯಾಗ್ನೆಟ್ ಹಾಕಿಸಿ. ಪ್ರತಿ ಪಾಳಿಗೆ ಒಮ್ಮೆ ಒರೆಸಿ. ಮೈಯೆಲ್ಲ ಕಬ್ಬಿಣ ಕೂತ ಮ್ಯಾಗ್ನೆಟ್ ಹೊಸದನ್ನು ಹಿಡಿಯುವುದಿಲ್ಲ. ಮ್ಯಾಗ್ನೆಟ್ಟಿಗೆ ಕಲ್ಲು, ಹಿತ್ತಾಳೆ ಸಿಗುವುದಿಲ್ಲ, ಸ್ಟೀಲಿನಲ್ಲೂ ಎಷ್ಟೋ ಬಗೆ ಸಿಗುವುದಿಲ್ಲ. ಅದಕ್ಕೆ ಜರಡಿಯೇ ಆಗಬೇಕು. ಅಂಗಳದಲ್ಲಿ ಒಣಗಿಸಿದ ಮೆಣಸಿನಲ್ಲಿ ಕಲ್ಲು ಇದ್ದೇ ಇರುತ್ತದೆ. ಸಾಣಿಸದೆ ಬಾಯಿಗೆ ಸುರಿಯಬೇಡಿ. ಟಣ್ ಅನ್ನುವ ಸದ್ದು ಒಂದು ಸಲ ಕೇಳಿದರೂ ಹಾಕುವುದನ್ನು ನಿಲ್ಲಿಸಿ, ಮೆಷಿನ್ ಬಂದ್ ಮಾಡಿ. ಕುಮಟಾದಲ್ಲಿ ನಾವು ಮೂರು ಸಲ ಕೇಳಿಯೂ ಬಂದ್ ಮಾಡಿರಲಿಲ್ಲ.

ಬೇರಿಂಗು ದಿನಾ ನೋಡುವ ವಸ್ತು. ಶಾಖ ಅಳೆಯುವ ಗನ್ನು ಈಗ ಎಲ್ಲ ಕಡೆ ಸಿಗುತ್ತದೆ. ಒಂದು ತೆಗೆದುಕೊಂಡು ಪ್ರತಿ ಬೇರಿಂಗಿನ ಬಿಸಿಯನ್ನು ಪುಸ್ತಕದಲ್ಲಿ ಬರೆಯಿರಿ. ಒಂದು ದಿನದ ಅಂಕಿ ಏನೂ ಹೇಳುವುದಿಲ್ಲ. ನಿನ್ನೆಗಿಂತ ಇವತ್ತು 15 ಡಿಗ್ರಿ ಜಾಸ್ತಿ ಅಂದರೆ ಅದು ಮಾತಾಡುತ್ತಿದೆ ಅಂತ ಅರ್ಥ. ಮೋಟಾರಿನ ಮೇಲಿನ ಹುಡಿಯೂ ಹಾಗೇ, ಅದಕ್ಕೆ ಕಂಬಳಿ ಹೊದೆಸಿದ ಹಾಗೆ. ಒಳಗೆ ಕಾಯುತ್ತದೆ. ವೋಲ್ಟೇಜ್ ಇಳಿದಾಗ, ಒಂದು ಫೇಸ್ ಹೋದಾಗ ಇನ್ನೂ ಜಾಸ್ತಿ. ಒಂದು ಫೇಸ್ ಹೋದರೆ ತಾನೇ ಬಂದ್ ಮಾಡುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇಲ್ಲದ ಮೋಟಾರು ಇದ್ದರೆ ಮೊದಲು ಅದನ್ನು ಹಾಕಿಸಿ.

ಬಕೆಟ್ ಎಲಿವೇಟರ್ ನನ್ನ ಲೆಕ್ಕದಲ್ಲಿ ಮಿಲ್ಲಿನ ಅತಿ ಕೆಟ್ಟ ಮೆಷಿನ್ನು. ಉದ್ದದ ಕೊಳವೆ, ಒಳಗೆ ಸದಾ ಮೋಡ, ಮೇಲೆ ಕೆಳಗೆ ಬೇರಿಂಗು, ನಡುವೆ ಬೆಲ್ಟು. ಬೆಲ್ಟು ಒಂದು ಬದಿಗೆ ಸರಿದು ತಗಡಿಗೆ ಉಜ್ಜಿದರೆ, ಅಥವಾ ತಳ ಕಟ್ಟಿಕೊಂಡು ಬೆಲ್ಟು ನಿಂತು ಮೇಲಿನ ಪುಲ್ಲಿ ಮಾತ್ರ ತಿರುಗುತ್ತಿದ್ದರೆ, ಕೆಲವೇ ನಿಮಿಷದಲ್ಲಿ ರಬ್ಬರು ಹೊಗೆಯಾಡುತ್ತದೆ. ವೇಗ ಐದರಲ್ಲಿ ಒಂದು ಪಾಲು ಇಳಿದರೆ ತಾನೇ ಮೋಟಾರು ನಿಲ್ಲಿಸುವ ಸ್ವಿಚ್ಚು ಬರುತ್ತದೆ. ಅದು ಇರಲೇಬೇಕು. ಹೊಸದಾಗಿ ಹಾಕಿಸುವವರು ಎಲಿವೇಟರನ್ನು ಕಟ್ಟಡದ ಹೊರಗೋಡೆಗೆ ಹಾಕಿಸಿ.

ಸ್ವಿಚ್ ಬೋರ್ಡನ್ನು ಹುಡಿಯ ಕೋಣೆಯಿಂದ ಆಚೆ ತನ್ನಿ. ಅದರಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಒಳಗೆ ಇರಲೇಬೇಕಾದ ದೀಪ, ಮೋಟಾರು ಕೊಳ್ಳುವಾಗ ಹೊತ್ತುವ ಹುಡಿಯ ಜಾಗಕ್ಕೆ ಪ್ರಮಾಣಪತ್ರ ಇರುವುದನ್ನೇ ಕೇಳಿ. ಅಂಗಡಿಯವರು ಐಪಿ 65 ಅಂತ ತೋರಿಸುತ್ತಾರೆ. ಅದರ 6 ಅಂದರೆ ಹುಡಿ ಒಳಹೋಗದು ಅಂತ, ಸರಿ. ಮೈ ಎಷ್ಟು ಬಿಸಿಯಾಗುತ್ತದೆ ಅಂತ ಅದು ಹೇಳುವುದಿಲ್ಲ.

ಕರಾವಳಿಯವರಿಗೆ ಪಿವಿಸಿ ಮತ್ತು ತುಕ್ಕಿನ ವಿಷಯ

ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ಕಬ್ಬಿಣ ಎರಡು ಮಳೆಗಾಲಕ್ಕೆ ಪದರ ಬಿಡುತ್ತದೆ. ಹಾಗಾಗಿ ಹುಡಿ ಎಳೆಯಲೂ ಪಿವಿಸಿ ಪೈಪ್ ಹಾಕಿಬಿಡುತ್ತಾರೆ. ತುಕ್ಕಿಲ್ಲ, ಅಗ್ಗ, ಪ್ಲಂಬರೇ ಜೋಡಿಸುತ್ತಾನೆ. ಆದರೆ ಹುಡಿ ಉಜ್ಜಿಕೊಂಡು ಓಡುವಾಗ ಪೈಪಿನಲ್ಲಿ ವಿದ್ಯುತ್ತು ಕೂಡುತ್ತದೆ, ಪ್ಲಾಸ್ಟಿಕ್ಕಿನಿಂದ ಅದು ನೆಲಕ್ಕೆ ಇಳಿಯುವುದಿಲ್ಲ. ನಡುವೆ ಎಲ್ಲಿಗೂ ತಾಗದ ಒಂದು ಕಬ್ಬಿಣದ ಕ್ಲಾಂಪು ಇದ್ದರೆ ಚಾರ್ಜೆಲ್ಲ ಅದರಲ್ಲಿ ಸೇರಿ ಒಂದು ದಿನ ಚಟ್ ಅಂತ ಹಾರುತ್ತದೆ. ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುವುದಿಲ್ಲವೇ, ಅದೇ, ಇನ್ನೂ ಜೋರು. ಹುಡಿಯ ಪೈಪು ಲೋಹದ್ದೇ ಇರಲಿ. ತುಕ್ಕಿನ ಭಯ ಇದ್ದರೆ ಸ್ಟೇನ್‌ಲೆಸ್ ಸ್ಟೀಲು ಅಥವಾ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ.

ಲೋಹದ್ದು ಹಾಕಿದ ಮೇಲೂ ಕೆಲಸ ಮುಗಿಯಲಿಲ್ಲ. ಎರಡು ಪೈಪು ಸೇರುವಲ್ಲಿ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ, ಬೋಲ್ಟಿನ ಕೆಳಗೆ ಬಣ್ಣ ಇರುತ್ತದೆ. ನೋಡಲು ಒಂದೇ ಪೈಪು, ವಿದ್ಯುತ್ತಿಗೆ ಎರಡು. ಸೇರುವ ಪ್ರತಿ ಜಾಗಕ್ಕೂ ಬಣ್ಣ ಕೆರೆದು ತಾಮ್ರದ ಪಟ್ಟಿ ಅಥವಾ ಹೆಣೆದ ತಂತಿಯಿಂದ ಸೇತುವೆ ಕಟ್ಟಿ. ಕೊನೆಗೆ ಅರ್ಥಿಂಗಿಗೆ ಸೇರಿಸಿ. ಮೀಟರಿನಲ್ಲಿ ಅಳೆದರೆ ಯಾವ ಲೋಹದ ಭಾಗದಿಂದಲೂ ಅರ್ಥಿಂಗಿಗೆ 10 ಓಮ್ ಒಳಗೆ ತೋರಿಸಬೇಕು. ನಮ್ಮ ಕರಾವಳಿಯಲ್ಲಿ ಇದನ್ನು ವರ್ಷಕ್ಕೆ ಎರಡು ಸಲ ಅಳೆಯಿರಿ, ಮೇ ತಿಂಗಳಲ್ಲಿ ಮತ್ತು ದಸರಾ ಆದ ಮೇಲೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಈ ಚಾರ್ಜು ಅಷ್ಟಾಗಿ ನಿಲ್ಲುವುದಿಲ್ಲ. ಮಳೆ ಬಿಟ್ಟು ಗಾಳಿ ಒಣಗುವ ಹೊತ್ತಿಗೆ ಕ್ಲಾಂಪಿನ ಕೆಳಗೆ ತುಕ್ಕು ಹೊಕ್ಕಿರುತ್ತದೆ. ಶಿರಸಿ, ಸಿದ್ದಾಪುರದ ಒಣ ಚಳಿಗಾಲಕ್ಕೂ ಇದೇ ಮಾತು.

ಹುಡಿಯನ್ನು ಪ್ಲಾಸ್ಟಿಕ್ ಚೀಲದಿಂದ ಧಬಕ್ಕನೆ ಸುರಿಯುವುದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿಯುವುದು, ಎರಡೂ ಬೇಡ. ಲೋಹದ ಡ್ರಮ್ಮು, ಅದಕ್ಕೆ ಅರ್ಥಿಂಗ್ ಕ್ಲಿಪ್ಪು, ನಿಧಾನಕ್ಕೆ ಸುರಿಯುವುದು.

ಎಲ್ಲ ಮಾಡಿದ ಮೇಲೂ ಸಿಡಿದರೆ

ಒತ್ತಡ ಹೋಗಲು ದಾರಿ ಇರಬೇಕು. ಗಾಳಿ ಸುತ್ತಿಸಿ ಹುಡಿ ಬೇರ್ಪಡಿಸುವ ಸೈಕ್ಲೋನ್, ಬಟ್ಟೆ ಚೀಲದ ಬ್ಯಾಗ್ ಫಿಲ್ಟರ್, ಎಲಿವೇಟರ್, ದೊಡ್ಡ ಹಾಪರುಗಳಿಗೆ ಒಡೆದು ತೆರೆಯುವ ತೆಳು ಫಲಕ ಇಡುತ್ತಾರೆ, ವೆಂಟ್ ಅಂತ. ಅದರ ಅಳತೆಯನ್ನು ಊರಿನ ವರ್ಕ್‌ಶಾಪಿನಲ್ಲಿ ಅಂದಾಜಿಗೆ ಕತ್ತರಿಸಬೇಡಿ. ಹುಡಿಯ ಜೋರು, ಪೆಟ್ಟಿಗೆಯ ಅಳತೆ ನೋಡಿ ಲೆಕ್ಕ ಹಾಕುವವರೇ ಹೇಳಬೇಕು. ನೀವು ನೋಡಬೇಕಾದ್ದು ಮೂರು. ಅದು ಬಯಲಿಗೆ ಮುಖ ಮಾಡಿರಲಿ, ಓಡಾಡುವ ದಾರಿಗಾಗಲಿ ಪಕ್ಕದವರ ಅಡಿಕೆ ಅಟ್ಟಕ್ಕಾಗಲಿ ಅಲ್ಲ. ಮಳೆ ಬರುತ್ತದೆ ಅಂತ ಅದರ ಮೇಲೆ ಶೀಟು ಹೊಡೆಸಬೇಡಿ. ಬಣ್ಣ ಬಳಿದು, ಹೆಚ್ಚುವರಿ ಬೋಲ್ಟ್ ಬಿಗಿದು ಭದ್ರ ಮಾಡಬೇಡಿ. ಮೂರನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಫಿಲ್ಟರಿಂದ ಬೆಂಕಿ ಪೈಪು ಹಿಡಿದು ವಾಪಸ್ ಮಿಲ್ಲಿನೊಳಗೆ ಬರದಂತೆ ತಡೆಯುವ ವಾಲ್ವ್ ಕೂಡ ಇರಬೇಕು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ ಓದಿ ನೋಡಿ. ಮೆಷಿನ್ ಮುಚ್ಚಿಡುವುದು, ಹುಡಿ ಕೂಡದಂತೆ ತೆಗೆಯುವುದು, ಕಿಡಿಯ ಮೂಲ ದೂರ ಇಡುವುದು, ಒತ್ತಡಕ್ಕೆ ದಾರಿ ಬಿಡುವುದು, ಎಲ್ಲ ಅವತ್ತೇ ಬರೆದಿದ್ದಾರೆ.

ಹೊಗೆ ಕಂಡರೆ ಏನು ಮಾಡಬೇಕು ಅನ್ನುವುದನ್ನು ಇವತ್ತೇ ಹುಡುಗರಿಗೆ ಹೇಳಿ, ಅವತ್ತು ಹೇಳಲು ಪುರುಸೊತ್ತು ಸಿಗುವುದಿಲ್ಲ. ಹಾಕುವುದನ್ನು ನಿಲ್ಲಿಸಿ. ಹೊರಗಿನ ಬೋರ್ಡಿನಿಂದ ಕರೆಂಟು ತೆಗೆಯಿರಿ. ಹಾಪರ್, ಫಿಲ್ಟರ್, ಎಲಿವೇಟರಿನ ಮುಚ್ಚಳವನ್ನು ತೆಗೆದು ಇಣುಕಬೇಡಿ. ಒಳಗೆ ಹೊಸ ಗಾಳಿ ಹೋಗಿ, ಹುಡಿ ಕುಸಿದು ನಿಮ್ಮ ಮುಖಕ್ಕೇ ಬರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಬರುವವರಿಗೆ ಫೋನಿನಲ್ಲೇ ಹೇಳಿ, ಇದು ಹುಡಿಯ ಬೆಂಕಿ, ಜೋರು ನೀರು ಹೊಡೆಯಬೇಡಿ ಅಂತ.

ನೆಲದ ಮೇಲಿನ ಸಣ್ಣ ರಾಶಿ ಸುಮ್ನೆ ಹೊಗೆಯಾಡುತ್ತಿದ್ದರೆ ಮಾತ್ರ ನೀವು ಕೈ ಹಾಕಬಹುದು. ಬಡಿಯಬೇಡಿ. ಬಕೆಟ್ಟಿನಿಂದ ನೀರು ಎಸೆಯಬೇಡಿ. ಬೆಂಕಿ ಆರಿಸುವ ಸಿಲಿಂಡರಿನ ಬಾಯಿಯನ್ನು ಹತ್ತಿರ ಹಿಡಿದು ಊದಬೇಡಿ, ಹುಡಿ ಏಳುತ್ತದೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುವ ಬೆನ್ನಿನ ಸ್ಪ್ರೇಯರು ಇದಕ್ಕೆ ಹೇಳಿ ಮಾಡಿಸಿದ್ದು. ಹೊಸದೊಂದು ತಂದು ಬರೇ ನೀರು ತುಂಬಿ ಮಿಲ್ಲಿನ ಬಾಗಿಲಲ್ಲಿ ಇಡಿ. ತೋಟಕ್ಕೆ ಮದ್ದು ಹೊಡೆಯುವುದನ್ನೇ ತರಬೇಡಿ, ಅದು ಬೇಕಾದಾಗ ತೋಟದಲ್ಲೇ ಇರುತ್ತದೆ. ನಾಜಲ್ ಅನ್ನು ಮಂಜಿನ ಹಾಗೆ ಸಣ್ಣಗೆ ತಿರುಗಿಸಿ, ಕರೆಂಟು ಹೋಗಿದೆ ಅಂತ ನೋಡಿಕೊಂಡು, ದೂರದಿಂದ ಮೆಲ್ಲಗೆ ರಾಶಿಯ ಅಂಚಿನಿಂದ ನೆನೆಸುತ್ತ ಬನ್ನಿ. ಲೋಹದ ಹುಡಿಗೆ ನೀರೇ ತೋರಿಸಬೇಡಿ, ಅದಕ್ಕೆ ಒಣ ಮರಳು.

ನೆನೆದ ರಾಶಿಯನ್ನು ಸಲಿಕೆಯಲ್ಲಿ ಲೋಹದ ಡ್ರಮ್ಮಿಗೆ ತುಂಬಿ ಕಟ್ಟಡದಿಂದ ದೂರ ಅಂಗಳದ ನಡುವೆ ಇಡಿ. ಮುಚ್ಚಳ ಬೇಡ. ಮರುದಿನ ಬೆಳಿಗ್ಗೆ ಕೋಲಿನಿಂದ ಕೆದಕಿ, ತಣ್ಣಗಿದೆ ಅಂತ ಗೊತ್ತಾದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಮೆಷಿನ್ ಚಾಲು ಮಾಡುವ ಮುಂಚೆ ಏಣಿ ಹಾಕಿ ತೊಲೆಯನ್ನೊಮ್ಮೆ ಒರೆಸಿ.